ಕೊರಿಯಾದ ಡಿಸ್ಕು, ವಾಡಿಯ ಪರೀಕ್ಷೆ

ಒಂದು ವಸ್ತು ಗಟ್ಟಿಯಾಗಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದನ್ನು ಒಡೆದು ನೋಡುವುದಕ್ಕಿಂತ ಖಚಿತವಾದ ಉಪಾಯವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ. ಹೀಗೆಂದು ಹೇಳಿದರೆ ಕೇಳಿದವರು ನನ್ನನ್ನು ರೌಡಿಯೆಂದೋ ವೇದಾಂತಿಯೆಂದೋ ತಿಳಿದುಬಿಡುತ್ತಾರೆ. ನಾನು ಎರಡೂ ಅಲ್ಲ. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಗುಣಮಟ್ಟ ನೋಡುವವನು. ನಮ್ಮಲ್ಲಿ ಸಿಮೆಂಟಿಗೆ ಮರಳು, ನೀರು ಕಲಸಿ, ಅಚ್ಚಿಗೆ ಹಾಕಿ, ಬೆಲ್ಲದಚ್ಚಿನಂಥ ಕ್ಯೂಬುಗಳನ್ನು ಮಾಡುತ್ತೇವೆ. ಅವನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದಕ್ಕೆ ಕ್ಯೂರಿಂಗ್ ಎನ್ನುತ್ತಾರೆ. ಇಪ್ಪತ್ತೆಂಟು ದಿನ ಅವು ಅಲ್ಲೇ ಇರಬೇಕು. ಅಲ್ಲಿಯವರೆಗೆ ಮಾಲೀಕ ಬಂದು ಕೇಳಿದರೂ ಮಂತ್ರಿ ಬಂದು ಕೇಳಿದರೂ ‘ಇನ್ನೂ ಕ್ಯೂರಿಂಗ್ ಆಗಿಲ್ಲ’ ಎಂಬುದೊಂದೇ ಉತ್ತರ. ಆಮೇಲೆ ಹೊರತೆಗೆದು ಯಂತ್ರದ ದವಡೆಗೆ ಕೊಟ್ಟು ಒತ್ತುತ್ತೇವೆ. ಕ್ಯೂಬು ತಡೆಯುವಷ್ಟು ತಡೆದು ಕೊನೆಗೆ ಫಟ್ ಎಂದು ಒಡೆಯುತ್ತದೆ. ಆಗ ನಾವು ಒತ್ತಡ ತೋರಿಸುವ ಮುಳ್ಳು ನೋಡಿ, ‘ಭಾಳ ಗಟ್ಟಿ ಇತ್ತು’ ಎಂದು ಮೆಚ್ಚಿಕೊಳ್ಳುತ್ತೇವೆ. ಆ ‘ಇತ್ತು’ ಎಂಬುದನ್ನು ತಾವು ಗಮನಿಸಬೇಕು. ನಾನು ಈವರೆಗೆ ಪಾಸು ಮಾಡಿದ ಒಂದು ಕ್ಯೂಬೂ ಇವತ್ತು ಬದುಕಿಲ್ಲ.

ಇಂಥ ಕೆಲಸದ ಚಟ ಕಾರ್ಖಾನೆಯ ಗೇಟಿನಲ್ಲೇ ನಿಲ್ಲುವುದಿಲ್ಲ, ನನ್ನ ಜೊತೆಗೇ ಮನೆಗೆ ಬರುತ್ತದೆ. ಮಡಕೆ ಕೊಳ್ಳಲು ಹೋದರೆ ಬಡಿದು ಬಡಿದು ಕುಂಬಾರನ ಸಿಟ್ಟು ನೆತ್ತಿಗೇರಿಸುತ್ತೇನೆ. ಹೆಣ್ಣು ನೋಡಲು ಸುಲೇಪೇಟಕ್ಕೆ ಹೋದಾಗಲೂ ಹೀಗೇ ಆಯಿತು. ಅವಲಕ್ಕಿ ಬಂತು, ಚಹಾ ಬಂತು, ಹುಡುಗಿ ಬಂದು ಕೂತಳು. ನಾನು ಮಾತ್ರ ತಲೆಯೆತ್ತಿ ಹೊಸದಾಗಿ ಹಾಕಿಸಿದ್ದ ಛತ್ತನ್ನೇ ನೋಡುತ್ತಿದ್ದೆ. ಅಲ್ಲೊಂದು ಕೂದಲೆಳೆಯ ಬಿರುಕು. “ಇದಕ್ಕ ನೀರು ಸರಿಯಾಗಿ ಹೊಡದಿಲ್ಲ ಕಾಣಸ್ತದ” ಎಂದುಬಿಟ್ಟೆ. ಹುಡುಗಿಯ ಅಪ್ಪ ಮೊದಲೇ ಮಾತು ಕಡಿಮೆಯ ಮನುಷ್ಯ. ಹೆಗಲ ಮೇಲಿನ ಟವೆಲ್ಲನ್ನು ತೆಗೆದು, ಸಾವಕಾಶ ಮಡಚಿ, ತೊಡೆಯ ಮೇಲಿಟ್ಟುಕೊಂಡು, “ಹುಡುಗಿ ನೋಡ್ಲಿಕ್ಕ ಬಂದೀರೇನ್ರಿ, ಛತ್ತ ನೋಡ್ಲಿಕ್ಕ ಬಂದೀರಿ?” ಎಂದರು. ತಲೆ ತಗ್ಗಿಸಿ ಕೂತಿದ್ದ ಹುಡುಗಿ ಫಕ್ಕನೆ ನಕ್ಕಳು. ಆ ನಗು ಕೇಳಿಯೇ ನಾನು ಛತ್ತಿನಿಂದ ಕಣ್ಣು ಕೆಳಗಿಳಿಸಿದ್ದು, ಮದುವೆಯಾದದ್ದು. ಅವಳೇ ಮಹಾನಂದಾ. ಈ ಪ್ರಬಂಧದಲ್ಲಿ ನ್ಯಾಯವಾಗಿ ನಡೆದುಕೊಂಡವಳು ಅವಳೊಬ್ಬಳೇ ಎಂದು ಮೊದಲೇ ಹೇಳಿಬಿಡುತ್ತೇನೆ.

ಮಹಾನಂದಾ ಚಿತ್ತಾಪುರದ ಶಾಲೆಯಲ್ಲಿ ಟೀಚರ್. ದಿನಾ ವಾಡಿಯಿಂದ ರೈಲುಗಾಡಿಯಲ್ಲಿ ಹೋಗಿ ಬರುತ್ತಾಳೆ. ಶಹಾಬಾದಿನಿಂದ ಸೇಡಂ ಶಾಲೆಗೆ ಹೋಗುವ ಶಬಾನಾ ಟೀಚರ್ ಅದೇ ಗಾಡಿಯಲ್ಲಿ ಬರುತ್ತಾ ಇವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದಿಟ್ಟಿರುತ್ತಾಳೆ. ಇವಳು ಹತ್ತಿದ ಕೂಡಲೇ ಇಬ್ಬರೂ ಒಂದೊಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಹಾನಂದಾಳ ಬಿರುಕು ಬಿಟ್ಟ ಮೊಬೈಲಿನಲ್ಲಿ ಕೊರಿಯಾದ ಸಿನೆಮಾ ನೋಡುತ್ತಾರೆ. ವಾಡಿಯಿಂದ ಚಿತ್ತಾಪುರ ಎಷ್ಟು ದೂರ ಮಹಾ! ಹಾಗಾಗಿ ಒಂದು ಸಿನೆಮಾ ಮುಗಿಯಲು ಒಂದು ವಾರವೂ ಹಿಡಿಯುತ್ತದೆ, ಎರಡು ವಾರವೂ ಹಿಡಿಯುತ್ತದೆ. ನಡುವೆ ನೆಟ್‌ವರ್ಕ್ ಹೋದರೆ ಪರದೆಯ ಮೇಲೆ ತಿರುಗುವ ಚಕ್ರವನ್ನು ನೋಡುತ್ತಾ ಕೂರುತ್ತಾರೆ. ಸಾಲದ್ದಕ್ಕೆ ಮಾತು ಕೊರಿಯಾದ್ದು, ಕೆಳಗೆ ಅಕ್ಷರ ಇಂಗ್ಲಿಷಿನದು, ಇವರ ಚರ್ಚೆ ಕನ್ನಡದಲ್ಲಿ, ಅಳು ಬಂದರೆ ಮಾತ್ರ ಇಬ್ಬರದೂ ಒಂದೇ ಭಾಷೆ.

ಹೀಗೆ ನೋಡಿದ ಸಿನೆಮಾಗಳಲ್ಲೊಂದು ಅವಳ ಮನಸ್ಸಿಗೆ ಹತ್ತಿಕೊಂಡಿತು. ಕತೆ ಇಷ್ಟೇ. ಒಂದು ಸಣ್ಣ ಸ್ಟೇಷನ್ನಿನ ಎದುರು ಶಾವಿಗೆ ಸಾರಿನ ಅಂಗಡಿ ಇಟ್ಟುಕೊಂಡ ಮುದುಕ. ಮಾತಿಗೆ ಮಾತು ಬೆಳೆದು ಮಗಳು ಮನೆ ಬಿಟ್ಟು ಹೋಗಿದ್ದಾಳೆ. ಅವನು ಬಾಯಿ ಬಿಟ್ಟು ‘ಬಾ’ ಎನ್ನುವವನಲ್ಲ. ಸಂಜೆಯ ಗಾಡಿ ಬರುವ ಹೊತ್ತಿಗೆ ಒಂದು ಬಟ್ಟಲು ಸಾರು ಜಾಸ್ತಿ ಬಡಿಸಿ ಮುಚ್ಚಿಡುತ್ತಾನೆ. ಯಾರೂ ಬಾರದಿದ್ದರೆ ತಾನೇ ಅದನ್ನು ಉಣ್ಣುತ್ತಾನೆ. “ನಮ್ಮಪ್ಪನಂಗೇ ಅದಾನ್ರಿ” ಎಂದು ಮಹಾನಂದಾ ರೊಟ್ಟಿ ಬಡಿಯುತ್ತಲೇ ಕಣ್ಣೊರೆಸಿಕೊಂಡಳು. “ಬಾಯಾಗ ಒಂದ್ ಮಾತಿಲ್ಲ. ತವರಿಗಿ ಹೋದ್ರ ‘ಹ್ಯಾಂಗಿದ್ದಿ’ ಅಂತ ಕೇಳಂಗಿಲ್ಲ, ತಾಟಿನಾಗ ಇನ್ನೊಂದು ಹೋಳಿಗಿ ಹಾಕ್ತಾನ. ಟವೆಲ್ ಸೈತ ಹಂಗೇ ಮಡಚ್ತಾನ್ರಿ ಆ ಮುದುಕ!” ಸಿನೆಮಾದ ಕೊನೆಯಲ್ಲಿ ಮಗಳು ಗಾಡಿ ಹತ್ತುತ್ತಾಳೆ. ಅಪ್ಪನ ಊರಿನಲ್ಲಿ ಇಳಿಯಬೇಕೋ, ಹಾಗೇ ಮುಂದೆ ಹೋಗಬೇಕೋ ಎಂದು ಅವಳಿಗೇ ಗೊತ್ತಿಲ್ಲ. ಗಾಡಿ ಆ ಸಣ್ಣ ಸ್ಟೇಷನ್ನಿಗೆ ಬಂದು ನಿಲ್ಲುತ್ತದೆ. ಸರಿಯಾಗಿ ಅದೇ ಗಳಿಗೆಗೆ ಇವರ ಗಾಡಿ ಚಿತ್ತಾಪುರಕ್ಕೆ ಬಂದು ನಿಂತಿತು. ಕೊರಿಯಾದ ಮಗಳು ಇಳಿಯುತ್ತಾಳೋ ಇಲ್ಲವೋ, ಮಹಾನಂದಾ ಇಳಿಯಲೇಬೇಕಾಯಿತು. ಮರುದಿನ ಮೊಬೈಲು ತೆರೆದರೆ ಆ ಸಿನೆಮಾವನ್ನೇ ಆ್ಯಪ್‌ನಿಂದ ತೆಗೆದುಬಿಟ್ಟಿದ್ದರು.

ಮನೆಯಲ್ಲಿ ಅಂದಿನಿಂದ ಒಂದೇ ಪ್ರಶ್ನೆ: ಆ ಹುಡುಗಿ ಇಳಿದಳೋ ಇಲ್ಲವೋ? ನೆಟ್‌ನಲ್ಲಿ ಹುಡುಕಿದೆ. ಬರೆದವರೆಲ್ಲ ‘ಮುಂದೇನಾಗುತ್ತದೆ ಎಂಬುದನ್ನು ತೆರೆಯ ಮೇಲೆ ನೋಡಿ’ ಎಂದು ಕೈತೊಳೆದುಕೊಂಡಿದ್ದರು. “ಓದಿ ತಿಳ್ಕೊಳ್ಳೋದು ಬ್ಯಾಡ್ರಿ” ಎಂದಳು ಮಹಾನಂದಾ. “ಆಕಿ ಇಳದ್ರ ಆ ಮುದುಕನ ಮಾರಿ ಹ್ಯಾಂಗ ಆಗ್ತದ, ಅದನ್ನ ನೋಡಬೇಕು ನಂಗ.” ಅವಳು ನನ್ನನ್ನು ಇಂಥದು ಬೇಕು ಎಂದು ಕೇಳುವುದೇ ಅಪರೂಪ. ನನ್ನ ಎದೆ ಉಬ್ಬಿತು. “ಮೊಬೈಲಿನಾಗ ಯಾಕ ನೋಡ್ತಿ? ಅಸಲಿ ಡಿಸ್ಕ್ ತರಸ್ತೀನಿ. ಟಿವಿ ಮ್ಯಾಲ, ಸ್ಪೀಕರ್ ಹಚ್ಚಿ, ರಾಣಿಯಂಗ ಕುಂತು ನೋಡು” ಎಂದು ಮಾತು ಕೊಟ್ಟೆ. ಅವಳು ಅಂದು ನನಗೆ ಪುಂಡಿಪಲ್ಯದ ಮೇಲೆ ಎಣ್ಣೆ ಜಾಸ್ತಿ ಹಾಕಿದಳು.

ಡಿಸ್ಕು ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾ ಹೋದಾಗ ಯಾರೋ ಪುಣ್ಯಾತ್ಮರು ನನ್ನನ್ನು ಡಿಸ್ಕು ಸಂಗ್ರಹಿಸುವವರ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸಿದರು. ನನ್ನ ಹಾಳುಗೇಡಿತನಕ್ಕೆ ಅದೇ ಮೊದಲು. ಅಲ್ಲಿರುವವರು ಸಿನೆಮಾದ ಬಗ್ಗೆ ಮಾತಾಡುವುದೇ ಇಲ್ಲ. ಡಿಸ್ಕಿನ ಬಗ್ಗೆ ಮಾತಾಡುತ್ತಾರೆ. ಚಿತ್ರದಲ್ಲಿ ಕಪ್ಪು ಎಷ್ಟು ಕಪ್ಪಾಗಿದೆ, ಅಂಚು ಎಷ್ಟು ಚೂಪಾಗಿದೆ, ಸದ್ದು ಯಾವ ಮೂಲೆಯಿಂದ ಬರುತ್ತದೆ, ಡಬ್ಬಿಯ ರಟ್ಟು ಎಷ್ಟು ದಪ್ಪ, ಎಲ್ಲದಕ್ಕೂ ಹತ್ತಕ್ಕೆ ಇಷ್ಟು ಎಂದು ಮಾರ್ಕ್ಸು. ಓದುತ್ತಾ ಓದುತ್ತಾ ನನಗೆ ತವರಿಗೆ ಬಂದಂತಾಯಿತು. ನನ್ನ ಸಿನೆಮಾದ ಹೆಸರು ಹೇಳಿದೊಡನೆ, ‘ಈ ಡಿಸ್ಕನ್ನು ಯಾರೂ ಸರಿಯಾಗಿ ಪರೀಕ್ಷೆ ಮಾಡಿಲ್ಲ, ನೀವು ಮಾಡಿ ಬರೆಯಿರಿ ಸರ್’ ಎಂದರು. ‘ಗುಣಮಟ್ಟದ ಪರೀಕ್ಷೆಯೇ ನನ್ನ ವೃತ್ತಿ’ ಎಂದು ಉತ್ತರಿಸಿದೆ. ಸಿಮೆಂಟಿನದು ಎಂದು ಹೇಳುವ ಸಂದರ್ಭ ಬರಲಿಲ್ಲ. ಅಲ್ಲಿಗೆ, ಹೆಂಡತಿಗೆಂದು ತರಿಸಿದ ಡಿಸ್ಕು ಪರೀಕ್ಷೆಗೆ ಬಂದ ಮಾದರಿಯಾಗಿಬಿಟ್ಟಿತು.

ಡಿಸ್ಕು ಬಂದ ಮೊದಲನೆಯ ಭಾನುವಾರ ಮಹಾನಂದಾ ಮಂಡಕ್ಕಿ ನೆನೆಸಿ ಸುಸಲಾ ಮಾಡಿದಳು, ಮಿರ್ಚಿ ಭಜಿ ಕರಿದಳು. ಪಕ್ಕದ ಮನೆಯ ರಸೂಲ್ ಚಾಚಾ ವಾಸನೆಗೇ ಬಂದು ಕೂತರು. ಅವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಸಿನೆಮಾ ಶುರುವಾಯಿತು. ಬೆಳಗಿನ ಹೊತ್ತಿನ ಬೂದು ಆಕಾಶ, ಖಾಲಿ ಪ್ಲಾಟ್‌ಫಾರ್ಮ್. ಆ ಆಕಾಶದ ತುಂಬ ಸಣ್ಣಗೆ ಪುಡಿ ಹಾರಾಡುತ್ತಿತ್ತು. ವಾಡಿಯಲ್ಲಿ ಬದುಕುವವರಿಗೆ ಪುಡಿ ಕಂಡರೆ ಕೈ ತಾನಾಗಿ ಒರೆಸುವ ಬಟ್ಟೆಯ ಕಡೆಗೆ ಹೋಗುತ್ತದೆ. ಬೆಳಿಗ್ಗೆ ಒರೆಸಿದ ಫ್ರಿಜ್ಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಾದ ಊರು ನಮ್ಮದು. “ಟಿವಿ ಮ್ಯಾಲ ಧೂಳ ಕುಂತದ ನೋಡ್ರಿ” ಎಂದಳು ಮಹಾನಂದಾ. “ಕಿಟಕಿ ಬಂದ್ ಮಾಡು ಬೇಟಾ” ಎಂದರು ಚಾಚಾ. ಟಿವಿಯನ್ನು ಹಸಿ ಬಟ್ಟೆಯಲ್ಲಿ ಒರೆಸಿದೆ, ಒಣ ಬಟ್ಟೆಯಲ್ಲಿ ಒರೆಸಿದೆ. ಕೊರಿಯಾದ ಪುಡಿ ಜಗ್ಗಲಿಲ್ಲ. ಹಾಗಾದರೆ ಡಿಸ್ಕಿನ ಮೇಲೇ ಕೂತಿರಬೇಕೆಂದು ಅದನ್ನು ಪ್ಲೇಯರಿನಿಂದ ಹೊರತೆಗೆದೆ. ನನ್ನ ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಬಟ್ಟೆಯ ತುಂಡು ಇರುತ್ತದೆ; ಕಾರ್ಖಾನೆಯಲ್ಲಿ ಅಚ್ಚು ಒರೆಸುವುದು ಅದರಲ್ಲೇ. ಅದನ್ನೇ ತೆಗೆದು ಡಿಸ್ಕಿನ ಅಂಚಿನ ಸುತ್ತ ಗಸಗಸ ಉಜ್ಜಿದೆ. ಮತ್ತೆ ಹಾಕಿದೆ, ಮತ್ತೆ ಪುಡಿ. ಮತ್ತೆ ಉಜ್ಜಿದೆ. ಅಷ್ಟರಲ್ಲಿ ಸುಸಲಾ ತಣ್ಣಗಾಯಿತು, ಚಾಚಾ ಭಜಿ ಮುಗಿಸಿ ನಮಾಜಿಗೆ ಎದ್ದರು.

ಗುಂಪಿನಲ್ಲಿ ದೂರು ಕೊಟ್ಟೆ. ಕೊಚ್ಚಿಯ ಒಬ್ಬ ಹಿರಿಯರು ತಾಳ್ಮೆಯಿಂದ ತಿಳಿಸಿ ಹೇಳಿದರು: ‘ಸರ್, ಅದು ಧೂಳಲ್ಲ. ರೀಲಿನಲ್ಲಿ ತೆಗೆದ ಸಿನೆಮಾದ ಚಿತ್ರದಲ್ಲೇ ಇರುವ ಕಣ. ಅದು ಕಾಣುತ್ತಿದ್ದರೆ ಡಿಸ್ಕು ಪ್ರಾಮಾಣಿಕವಾಗಿದೆ ಎಂದರ್ಥ. ಅದನ್ನು ಅಳಿಸಿಹಾಕಿದ ಡಿಸ್ಕುಗಳೇ ಮೋಸ.’ ನನಗಾದ ಸಂತೋಷ ಅಷ್ಟಿಷ್ಟಲ್ಲ. ಹುಟ್ಟಿದಾಗಿನಿಂದ ಧೂಳು ಕುಡಿದು ಬೆಳೆದ ನನಗೆ, ಪುಡಿ ಕಂಡರೆ ಒಳ್ಳೆಯದು ಎಂದು ಹೇಳಿದವರು ಅವರೊಬ್ಬರೇ. ಮಹಾನಂದಾಗೆ ಓಡಿಹೋಗಿ ಹೇಳಿದೆ. “ಛಲೋ ಆತು. ಹಂಗಾದ್ರ ಹಾಕ್ರಿ ಮತ್ತ, ನೋಡಿಬಿಡೂಣು” ಎಂದಳು. ಆದರೆ ನಾನು ಆಗಲೇ ಕಣದ ಗಾತ್ರವನ್ನು ಅಳೆಯಲು ಕೂತಿದ್ದೆ. ಸಿಮೆಂಟನ್ನು ಜರಡಿ ಹಿಡಿದು ನೋಡುವವನ ಕಣ್ಣು ನನ್ನದು. ಆ ಬೂದು ಆಕಾಶವನ್ನು ನಿಲ್ಲಿಸಿ, ಹಿಂದಕ್ಕೆ ಮುಂದಕ್ಕೆ ಓಡಿಸಿ, ಮೂಗು ಟಿವಿಗೆ ತಗುಲಿಸಿಕೊಂಡು ನೋಡಿದೆ. “ಇನ್ನೂ ಕ್ಯೂರಿಂಗ್ ಆಗಿಲ್ಲ, ತಡಿ” ಎಂದೆ. ಆಕಾಶದ ಆಚೆಗೆ ಸಿನೆಮಾ ಹೋಗಲೇ ಇಲ್ಲ.

ಎರಡನೆಯ ಭಾನುವಾರ ಕಪ್ಪಿನ ಪರೀಕ್ಷೆ. ಕಪ್ಪನ್ನು ಕತ್ತಲೆಯಲ್ಲಿ ನೋಡಬೇಕು ಎಂದು ಗುಂಪಿನ ಅಭಿಪ್ರಾಯ. ಏಪ್ರಿಲ್ ತಿಂಗಳ ವಾಡಿಯ ಬಿಸಿಲಿನಲ್ಲಿ ಕಿಟಕಿ ಬಾಗಿಲು ಮುಚ್ಚಿ, ಕಿಟಕಿಗಳಿಗೆ ಹೊದೆಯುವ ಕೌದಿ ನೇತುಹಾಕಿದೆ. ಫ್ಯಾನಿನ ಗಾಳಿಗೆ ಕೌದಿ ಅಲುಗಾಡಿ ಬೆಳಕು ಬರುತ್ತಿದ್ದುದರಿಂದ ಫ್ಯಾನನ್ನೂ ಆರಿಸಿದೆ. ಬೆವರು ಸುರಿಯುತ್ತಿತ್ತು. ಆದರೂ ಕಪ್ಪು ಎಷ್ಟು ಕಪ್ಪು ಎಂದು ಹೇಳಲು ಹೋಲಿಸಿ ನೋಡುವ ಒಂದು ಮಾದರಿ ಬೇಕಲ್ಲ? ಅಡುಗೆಮನೆಗೆ ಹೋಗಿ ರೊಟ್ಟಿ ಬೇಯಿಸುವ ಹಂಚನ್ನು ತಂದು, ಅದರ ಬೆನ್ನನ್ನು ಟಿವಿಯ ಪಕ್ಕಕ್ಕೆ ಹಿಡಿದೆ. ವರ್ಷಗಳಿಂದ ಮಸಿ ಕುಡಿದ ಆ ಹಂಚಿಗಿಂತ ಕಪ್ಪಾದದ್ದು ನಮ್ಮ ಮನೆಯಲ್ಲಿ ಯಾವುದೂ ಇಲ್ಲ. ಸಿನೆಮಾದ ರಾತ್ರಿ ಹಂಚಿಗಿಂತ ಒಂದು ಕೂದಲು ತಿಳಿಯಾಗಿ ಕಂಡಿತು. ಅಷ್ಟರಲ್ಲಿ ಅಡುಗೆಮನೆಯಿಂದ, “ಹಂಚ ಎಲ್ಲಿ ಹೋತು? ಹಿಟ್ಟು ನಾದಿ ಇಟ್ಟೀನಿ!” ಎಂಬ ಕೂಗು ಬಂತು. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲು ತೆಗೆದ ಮಹಾನಂದಾಗೆ, ಕತ್ತಲಲ್ಲಿ ಬನಿಯನ್ನಿನ ಮೇಲೆ ಹಂಚನ್ನು ಎದೆಗೊತ್ತಿಕೊಂಡು ನಿಂತ ಗಂಡ ಕಂಡ. “ರೀ, ನಿಮಗೇನರೆ ಆಗ್ಯಾದೇನ್ರಿ?” ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಿತ್ತು.

ಮೂರನೆಯ ಭಾನುವಾರ ಸದ್ದು. ಸಿನೆಮಾದ ಮೊದಲಲ್ಲಿ ಒಂದು ಗಾಡಿ ಪರದೆಯ ಬಲದಿಂದ ಎಡಕ್ಕೆ ಹಾಯ್ದು ಹೋಗುತ್ತದೆ. ಗಾಡಿಯ ಸದ್ದನ್ನು ರಸೂಲ್ ಚಾಚಾ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಎರಡು ಸ್ಪೀಕರುಗಳ ನಡುವೆ ಕುರ್ಚಿ ಹಾಕಿ, ಕಣ್ಣು ಮುಚ್ಚಿಸಿ ಕೂರಿಸಿದೆ. “ಗಾಡಿ ಬಲಗಡಿಂದ ಬಂತು. ಛಂದ ಬಂತು. ಮುಂದ ಎಲ್ಲಿ ಹೋತು?” ಎಂದರು. ಎಡಕ್ಕೆ ಹೋದದ್ದು ಅವರಿಗೆ ಕೇಳಿಸಲೇ ಇಲ್ಲ. ಎಡಗಡೆಯ ಸದ್ದು ದುರ್ಬಲ ಎಂದು ತೀರ್ಮಾನಿಸಿ, ಯಾವುದಕ್ಕೂ ಖಚಿತವಾಗಲಿ ಎಂದು ಅವರನ್ನು ಟಿವಿಗೆ ಬೆನ್ನು ಮಾಡಿ ಕೂರಿಸಿದೆ. ಈಗ ಗಾಡಿ ಬಂದದ್ದೇ ಗೊತ್ತಾಗಲಿಲ್ಲ, ಹೋದದ್ದು ಮಾತ್ರ ಕೇಳಿಸಿತು! ಹೀಗೆ ನಾಲ್ಕಾರು ಸಲ ತಿರುಗಿಸಿ ಕೂರಿಸಿದ ಮೇಲೆ ಚಾಚಾ ಕಣ್ಣು ತೆರೆದು, “ಬೇಟಾ, ನನ್ನ ಎಡಗಿವಿ ಕೇಳಿಸಂಗಿಲ್ಲ, ಅದು ನಿನಗ ಗೊತ್ತದಲ್ಲಾ?” ಎಂದರು. ಗೊತ್ತಿತ್ತು. ಪರೀಕ್ಷೆಯ ಭರದಲ್ಲಿ ಮರೆತಿದ್ದೆ. ಪ್ರತಿ ಸಲ ಹೊಸದಾಗಿ ಶುರುಮಾಡುವ ಮೊದಲು ಡಿಸ್ಕು ತೆಗೆದು ಉಜ್ಜುವುದನ್ನು ಮಾತ್ರ ಮರೆತಿರಲಿಲ್ಲ. ಒಂದು ಬೆರಳಿನ ಗುರುತಿದ್ದರೂ ಮಾರ್ಕ್ಸಿನಲ್ಲಿ ಹೆಚ್ಚುಕಡಿಮೆಯಾಗುತ್ತದಲ್ಲ.

ಇಷ್ಟರೊಳಗೆ ಮಹಾನಂದಾ ದಿನಾ ಸಂಜೆ ಬಂದವಳೇ, “ಪಾಸ್ ಆತೇನ್ರಿ?” ಎಂದು ಕೇಳುವುದು ರೂಢಿಯಾಗಿತ್ತು. ‘ಇನ್ನೂ ಕ್ಯೂರಿಂಗ್ ಆಗಿಲ್ಲ’ ಎಂದು ನಾನು ಹೇಳುವುದೂ ರೂಢಿಯಾಗಿತ್ತು. ಒಂದು ದಿನ ಕೆಳಗಿನ ಇಂಗ್ಲಿಷ್ ಅಕ್ಷರದ ಹಳದಿ ಬಣ್ಣ ಸ್ವಲ್ಪ ಗಾಢವಾಯಿತು ಎಂದು ಗೊಣಗುತ್ತಿದ್ದೆ. “ಅಕ್ಷರ ನೋಡಬ್ಯಾಡ್ರಿ, ಅದರಾಗೇನು ಬರದಾರ ಓದ್ರಿ” ಎಂದಳು. ಮತ್ತೆ ಸ್ವಲ್ಪ ಹೊತ್ತಿಗೆ, “ಆ ಮುದುಕ ನಿಮಗಿಂತ ಪಾಡ. ಅವ ಬರೇ ಕಾಯ್ತಾನ. ನೀವು ಕಾಯಸ್ತೀರಿ” ಎಂದು ಪಾತ್ರೆ ತೊಳೆಯಲು ಹೋದಳು. ಆ ಮಾತು ನನಗೆ ನಾಟಿತು. ಅಂದೇ ಕೂತು ನನ್ನ ವಿಮರ್ಶೆಯನ್ನು ಬರೆದು ಮುಗಿಸಿದೆ. ಚಿತ್ರಕ್ಕೆ ಇಷ್ಟು, ಕಪ್ಪಿಗೆ ಇಷ್ಟು, ಸದ್ದಿಗೆ ಇಷ್ಟು, ಅಕ್ಷರದ ಹಳದಿಗೆ ಅರ್ಧ ಮಾರ್ಕ್ಸು ಕಡಿತ. ಒಟ್ಟಿನ ಮೇಲೆ ಪ್ರತಿಯೊಬ್ಬರ ಮನೆಯಲ್ಲೂ ಇರಬೇಕಾದ ಡಿಸ್ಕು. ಗುಂಪಿನಲ್ಲಿ ಚಪ್ಪಾಳೆಯ ಸುರಿಮಳೆಯಾಯಿತು. ‘ಇಂಥ ಆಳವಾದ ವಿಮರ್ಶೆಯನ್ನು ಈಚೆಗೆ ಓದಿರಲಿಲ್ಲ’ ಎಂದು ಕೊಚ್ಚಿಯ ಹಿರಿಯರು ಬರೆದರು. ಸಿನೆಮಾದ ಮೊದಲ ಹದಿನೈದು ನಿಮಿಷದ ಆಚೆಗೆ ನಾನು ಕಾಲಿಟ್ಟಿರಲಿಲ್ಲ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ನಾಲ್ಕನೆಯ ಭಾನುವಾರ ಕೊನೆಗೂ ಪ್ರದರ್ಶನ. ಶಬಾನಾ ಟೀಚರ್ ಶಹಾಬಾದಿನಿಂದ ಶೀರ್‌ಖುರ್ಮಾ ಪಾಯಸದ ಡಬ್ಬಿ ಹಿಡಿದುಕೊಂಡು ಬಂದಳು. “ಭಾಯಿ, ಡಿಸ್ಕಿಗಿ ನಜರ್ ತಗಲಬಾರದು, ಅಷ್ಟು ತಾರೀಫ್ ಮಾಡ್ಯಾಳ್ರಿ ನಿಮ್ಮ ಮನಿಯಾಕಿ” ಎಂದಳು. ಚಾಚಾ ಬಲಗಿವಿಯನ್ನು ಟಿವಿಯ ಕಡೆಗೆ ಮಾಡಿ ಕೂತರು. ಶಹಾಬಾದ್ ಕಲ್ಲಿನ ತಣ್ಣನೆಯ ನೆಲದ ಮೇಲೆ ಚಾಪೆ ಹಾಸಿ ಮಹಾನಂದಾ ಎಲ್ಲರಿಗಿಂತ ಮುಂದೆ ಕೂತಳು. ಶುರು ಮಾಡುವ ಮುನ್ನ ನಾನು ಡಿಸ್ಕನ್ನು ಕೊನೆಯ ಸಲ ಉಜ್ಜಿದೆ, ಅವಳಿಗೆ ಒಂದು ಕಣದ ಕೊರತೆಯೂ ಆಗಬಾರದೆಂದು.

ಏನೆಂದು ಹೇಳಲಿ! ಸಿನೆಮಾ ಭಾಳ ಚೆನ್ನಾಗಿತ್ತು. ಹದಿನೈದನೆಯ ನಿಮಿಷ ದಾಟಿದ ಮೇಲೆ ನಾನು ಕಣವನ್ನೂ ಮರೆತೆ, ಕಪ್ಪನ್ನೂ ಮರೆತೆ. ಮುದುಕ ಸಾರಿನ ಬಟ್ಟಲು ಮುಚ್ಚಿಡುವಾಗ ಕೈಯಲ್ಲಿದ್ದ ಶೀರ್‌ಖುರ್ಮಾದ ಬಟ್ಟಲನ್ನು ನಾನೂ ಕೆಳಗಿಟ್ಟೆ. ಅವನು ಟವೆಲ್ ಮಡಚಿದ ಕೂಡಲೇ, “ಹೌದಲ್ಲೇ, ಥೇಟ್ ಮಾವನೇ!” ಎಂದು ಕೂಗಿದೆ. “ಶ್!” ಎಂದರು ಎಲ್ಲರೂ. ಕೊನೆಗೆ ಮಗಳು ಗಾಡಿ ಹತ್ತಿದಳು. ಮಹಾನಂದಾ ಶಬಾನಾಳ ಕೈ ಹಿಡಿದುಕೊಂಡಳು. ಗಾಡಿ ಸಣ್ಣ ಸ್ಟೇಷನ್ನಿಗೆ ಬಂತು. ಮುದುಕ ಅಂಗಡಿಯಿಂದ ಹೊರಗೆ ಬಂದು ನಿಂತ. ಗಾಡಿ ನಿಂತಿತು. ಬಾಗಿಲು ತೆರೆಯಿತು. ಪರದೆ ಚೌಕ ಚೌಕವಾಗಿ ಒಡೆದು, ಪರಸಿ ಕಲ್ಲು ಹಾಸಿದ ಅಂಗಳದಂತಾಗಿ, ಅಲ್ಲೇ ನಿಂತುಬಿಟ್ಟಿತು.

“ಸಿಗ್ನಲ್ ಬಿದ್ದಿಲ್ಲ ಕಾಣಸ್ತದ” ಎಂದರು ಚಾಚಾ. ಯಾರೂ ನಗಲಿಲ್ಲ. ಹಿಂದಕ್ಕೆ ಓಡಿಸಿ ಮತ್ತೆ ಬಿಟ್ಟೆ. ಗಾಡಿ ಬಂತು, ಬಾಗಿಲು ತೆರೆಯಿತು, ಪರಸಿ ಹಾಸಿಕೊಂಡಿತು. ನನ್ನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. “ತಡೀರಿ” ಎಂದಳು ಮಹಾನಂದಾ. ಡಿಸ್ಕನ್ನು ತಾನೇ ತೆಗೆದು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಹಾಗೆ ಹಿಡಿದು ನೋಡಬೇಕೆಂದು ಕಲಿಸಿದವನು ನಾನೇ. ನಡುಭಾಗ ಕನ್ನಡಿಯಂತಿತ್ತು. ಅಂಚಿನ ಸುತ್ತ ಮಾತ್ರ ಗೀರುಗಳ ಜಾತ್ರೆ. “ಆ ಅರಬಿ ಇತ್ತ ಕೊಡ್ರಿ” ಎಂದು ಬಟ್ಟೆಯ ತುಂಡನ್ನು ಇಸಿದುಕೊಂಡು ನೆಲದ ಮೇಲೆ ಒಮ್ಮೆ ಝಾಡಿಸಿದಳು. ಕರಿಯ ಕಲ್ಲಿನ ಮೇಲೆ ಬೂದು ಪುಡಿ ಬಿತ್ತು, ಇಡೀ ತಿಂಗಳು ನಾನು ಕಾರ್ಖಾನೆಯಿಂದ ತಂದ ಪುಡಿ. ಡಿಸ್ಕು ಒಳಗಿನಿಂದ ಹೊರಕ್ಕೆ ಓದಿಸಿಕೊಳ್ಳುತ್ತದೆಯಂತೆ; ಹೀಗಾಗಿ ಸಿನೆಮಾದ ಕೊನೆ ಇರುವುದು ಅಂಚಿನಲ್ಲಿ. ನಾನು ದಿನಾ ಹಿಡಿದು ಉಜ್ಜಿದ್ದೂ ಅಂಚನ್ನೇ. ಮಹಾನಂದಾ ನನ್ನ ಮುಖವನ್ನೇ ನೋಡಿ, ಸಮಾಧಾನದಿಂದ, “ಭಾಳ ಗಟ್ಟಿ ಇತ್ತು, ಹೌದಲ್ರಿ?” ಎಂದಳು.

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಿಸ್ಕನ್ನು ಡಬ್ಬಿಗೆ ಹಾಕಿ, ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಒಂದೇ ಒಂದು ಬೇಕು ಎಂದು ಕೇಳಿದ್ದಳು, ಅದರಲ್ಲೂ ಕೊನೆಯ ನಾಲ್ಕು ನಿಮಿಷ. ಅಷ್ಟನ್ನೇ ಹುಡುಕಿಕೊಂಡು ಹೋಗಿ ಹಾಳು ಮಾಡಿದ್ದೆ. ಇನ್ನೊಂದು ಡಿಸ್ಕು ತರಿಸೋಣವೆಂದರೆ ಅಂಗಡಿಯವರು ದಾಸ್ತಾನು ಮುಗಿದಿದೆ ಎಂದರು. ಕೊನೆಗೆ ಮರ್ಯಾದೆ ಬಿಟ್ಟು ಗುಂಪಿನಲ್ಲಿ ಕೇಳಿದೆ: ‘ಮಿತ್ರರೇ, ಈ ಸಿನೆಮಾದ ಕೊನೆಯಲ್ಲಿ ಮಗಳು ಗಾಡಿಯಿಂದ ಇಳಿಯುತ್ತಾಳೆಯೇ? ದಯವಿಟ್ಟು ಆ ಭಾಗವನ್ನು ಯಾರಾದರೂ ತೋರಿಸುವಿರಾ?’ ಅಷ್ಟು ಆಳವಾದ ವಿಮರ್ಶೆ ಬರೆದವನೇ ಕತೆಯ ಕೊನೆ ಕೇಳುತ್ತಿದ್ದಾನಲ್ಲ ಎಂದು ನಗುತ್ತಾರೆಂದು ಅಂಜುತ್ತಾ ಕೂತಿದ್ದೆ. ಯಾರೂ ನಗಲಿಲ್ಲ. ಒಬ್ಬರು, ‘ನನ್ನ ಡಿಸ್ಕು ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇದೆ, ಬಿಚ್ಚಿದರೆ ಬೆಲೆ ಹೋಗುತ್ತದೆ’ ಎಂದರು. ಇನ್ನೊಬ್ಬರು, ‘ನಾನು ಮಳೆಯ ದೃಶ್ಯದವರೆಗೆ ನೋಡಿದ್ದೇನೆ, ಮಳೆ ಅದ್ಭುತವಾಗಿದೆ’ ಎಂದರು. ಕೊಚ್ಚಿಯ ಹಿರಿಯರು ಬಹಳ ಯೋಚಿಸಿ, ‘ಇದರಲ್ಲಿ ಮಗಳು ಎಂಬ ಪಾತ್ರ ಬರುತ್ತದೆಯೇ?’ ಎಂದು ಕೇಳಿದರು.

ನಾನು ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಆ ವಾರದಲ್ಲೇ, ಒಂದು ಸಂಜೆ ಮಹಾನಂದಾ ಗಾಡಿ ಇಳಿದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಗುತ್ತಿದ್ದಳು. ಕಣ್ಣುಗಳು ಮಾತ್ರ ಅತ್ತು ಕೆಂಪಾಗಿದ್ದವು. ಆ್ಯಪ್‌ನಲ್ಲಿ ಸಿನೆಮಾ ಮತ್ತೆ ಬಂದಿತ್ತಂತೆ. ಶಬಾನಾ ಹಿಂದಿನ ದಿನವೇ ಮನೆಯಲ್ಲಿ ತನ್ನ ಮೊಬೈಲಿಗೆ ಇಳಿಸಿಕೊಂಡು ತಂದಿದ್ದಳಂತೆ. ಚಿತ್ತಾಪುರ ಬಿಟ್ಟು ವಾಡಿ ಬರುವುದರೊಳಗೆ, ಒಂದೊಂದು ಕಿವಿಯಲ್ಲಿ ಒಂದೊಂದು ಇಯರ್‌ಫೋನ್ ಸಿಕ್ಕಿಸಿಕೊಂಡು, ಬಿಸಿಲು ಬಿದ್ದ ಪುಟ್ಟ ಪರದೆಯಲ್ಲಿ, ಎದುರು ಕೂತ ಶೇಂಗಾ ಮಾರುವವಳಿಗೂ ತೋರಿಸುತ್ತಾ, ಉಳಿದ ಭಾಗವನ್ನು ಕೊನೆಯವರೆಗೆ ನೋಡಿಬಿಟ್ಟಿದ್ದರು. ಕಣವಿಲ್ಲ, ಕಪ್ಪಿಲ್ಲ, ಎಡದ ಸದ್ದಿಲ್ಲ. ನನ್ನ ಲೆಕ್ಕದಲ್ಲಿ ಹತ್ತಕ್ಕೆ ಎರಡೂ ಬರುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಏನಾತು? ಇಳದಳೇನು? ಮುದುಕನ ಮಾರಿ ಹ್ಯಾಂಗಾತು?” ಎಂದು ಅವಳ ಬೆನ್ನು ಹತ್ತಿ ಅಡುಗೆಮನೆಯವರೆಗೂ ಹೋದೆ. ಮಹಾನಂದಾ ಹಂಚನ್ನು ಒಲೆಯ ಮೇಲಿಟ್ಟು, ನನ್ನ ಕಡೆಗೆ ತಿರುಗಿ, ನಾನು ಹೇಳುವ ಧಾಟಿಯಲ್ಲೇ, “ಇನ್ನೂ ಕ್ಯೂರಿಂಗ್ ಆಗಿಲ್ರಿ. ಇಪ್ಪತ್ತೆಂಟು ದಿನ ತಡೀರಿ, ಹೇಳ್ತೀನಿ” ಎಂದಳು.

ತಮಾಷೆಗೆ ಅಂದಿದ್ದಾಳೆ, ಊಟದ ಹೊತ್ತಿಗೆ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಮೊಬೈಲಿನಲ್ಲಿ ನಾನೇ ನೋಡೋಣವೆಂದರೆ ಆ ಆ್ಯಪ್‌ನ ಗುಪ್ತಸಂಖ್ಯೆ ಇರುವುದು ಅವಳ ಹತ್ತಿರ. ಚಾಚಾ ಅವರನ್ನು ಕೇಳಿದೆ. “ನನಗ ಗೊತ್ತದ ಬೇಟಾ, ಖರೆ ಹೇಳಂಗಿಲ್ಲ. ನಿನ್ನ ಟೀಚರಮ್ಮ ಕಸಂ ಹಾಕಿಸ್ಯಾಳ” ಎಂದರು. ವಾಡಿ ಸ್ಟೇಷನ್ನಿನ ಚಹಾದವನಿಗೂ ಗೊತ್ತಿದೆ, ಆ ಶೇಂಗಾ ಮಾರುವವಳಿಗೂ ಗೊತ್ತಿದೆ. ನಾನು ಹೋದ ಕೂಡಲೇ ಎಲ್ಲರೂ ಮಾತು ನಿಲ್ಲಿಸಿ ಮಳೆ ಬೆಳೆಯ ವಿಚಾರ ತೆಗೆಯುತ್ತಾರೆ. ಹೋದ ಭಾನುವಾರ ಇಬ್ಬರೂ ಸುಲೇಪೇಟಕ್ಕೆ ಹೋಗಿದ್ದೆವು. ಮಹಾನಂದಾ ಅಪ್ಪನ ಪಕ್ಕದಲ್ಲಿ ಕೂತು ಅಷ್ಟೂ ಕತೆಯನ್ನು ಹೇಳಿದಳು. ಕೊನೆಯ ಭಾಗ ಬಂದಾಗ ನನ್ನನ್ನು ನೀರು ತರಲು ಹೊರಗೆ ಕಳಿಸಿದಳು. ತಂಬಿಗೆ ಹಿಡಿದು ವಾಪಸು ಬಂದಾಗ ಮಾವ ಟವೆಲ್ಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಊಟಕ್ಕೆ ಕೂತಾಗ ಮೆಲ್ಲಗೆ, “ಮಾವಾರ, ಆ ಹುಡುಗಿ ಇಳದಳೇನ್ರಿ?” ಎಂದು ಕೇಳಿದೆ. ಮಾವ ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ನನ್ನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದರು.

ಇನ್ನೂ ಅರ್ಧ ಅವಧಿ ಬಾಕಿಯಿದೆ. ಈಗೀಗ ಪರೀಕ್ಷಾ ಕೋಣೆಯಲ್ಲಿ ತೊಟ್ಟಿಯ ಹತ್ತಿರ ಹೋದಾಗ, ನೀರಿನೊಳಗೆ ಸಾಲಾಗಿ ಕೂತು ದಿನ ಎಣಿಸುತ್ತಿರುವ ಕ್ಯೂಬುಗಳನ್ನು ಕಂಡು ಮರುಕವಾಗುತ್ತದೆ. ಅವಕ್ಕಾದರೂ ಹೊರಗೆ ತೆಗೆದ ಮೇಲೆ ಏನು ಕಾದಿದೆ ಎಂದು ಗೊತ್ತಿಲ್ಲ. ನನಗೆ ಗೊತ್ತಿದೆ: ಇಪ್ಪತ್ತೆಂಟನೆಯ ದಿನ ಕತೆಯ ಕೊನೆ ಹೇಳುವ ಮೊದಲು ಮಹಾನಂದಾ ನನ್ನನ್ನೂ ಚೆನ್ನಾಗಿ ಒತ್ತಿ ನೋಡುತ್ತಾಳೆ.